ಹೆಸರು ಕೇಳದೆ ಮಾತಾಡಿದ ಬೇಸಿಗೆ

ಕಳೆದ ತಿಂಗಳು ತವರಿಗೆಂದು ಹೋಗಿ ನೆಲ್ಯಾಡಿಯಲ್ಲಿ ಬಸ್ಸಿಳಿದೆ. ರಸ್ತೆ ಬದಿಯಲ್ಲಿ ಒಂದು ಪಿಕಪ್ ವಾಹನಕ್ಕೆ ರಬ್ಬರ್ ಶೀಟು ತುಂಬುತ್ತಿದ್ದರು. ಆ ವಾಸನೆ ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಹುಳಿ ಬಂದ ಹಾಲು, ಹೊಗೆ, ಹಳೇ ಚಪ್ಪಲಿ ಮೂರೂ ಸೇರಿದ ಹಾಗೆ ಇರುತ್ತದೆ. ಹುಟ್ಟಿದಂದಿನಿಂದ ಮೂಗಿಗೆ ಹತ್ತಿದ ವಾಸನೆ, ಹೊಸತೇನಲ್ಲ. ಆದರೂ ಅವತ್ತು ನಿಂತಲ್ಲೇ ನಿಂತುಬಿಟ್ಟೆ. ಜತೆಗಿದ್ದ ಮಗಳು ರಿಯಾ, "ಎಂತ ಆಯ್ತು ಮಮ್ಮಿ?" ಎಂದು ಕೈ ಜಗ್ಗಿದಳು. ಅಂಗಡಿಯ ಕಟ್ಟೆಯ ಮೇಲೆ ಕೂತು ಅವಳಿಗೆ ಒಂದು ಜ್ಯೂಸ್ ತೆಗೆಸಿಕೊಟ್ಟೆ. ಅವಳು ಸ್ಟ್ರಾ ಕಚ್ಚುತ್ತ ಕಾಲಾಡಿಸುತ್ತಿದ್ದಳು. ಅವಳು ಕೈಕೂಸಾಗಿದ್ದ ಬೇಸಿಗೆಯಲ್ಲಿ ಇದೇ ವಾಸನೆಯ ಮನೆಯಲ್ಲಿ ಮಲಗಿ ನಾನು ಸಾಯುವುದೊಂದನ್ನೇ ಯೋಚಿಸುತ್ತಿದ್ದೆ. ಅದು ಅವಳಿಗೆ ಗೊತ್ತಿಲ್ಲ. ಒಂದು ದಿನ ಹೇಳಬೇಕಾದೀತು.

ಬಾಣಂತನಕ್ಕೆ ಬಂದವಳು ಆ ವರ್ಷ ಮರಳಿ ಗಂಡನ ಮನೆಗೆ ಹೋಗಿರಲಿಲ್ಲ. ಗಂಡ ಸಜಿ ಕುವೈತಿನಲ್ಲಿ ಏಸಿ ರಿಪೇರಿ ಕೆಲಸದಲ್ಲಿದ್ದ. ಕಡಬದಲ್ಲಿದ್ದ ಅವನ ಮನೆಗೆ ಬೀಗ ಹಾಕಿತ್ತು. ನನ್ನ ಅಪ್ಪ, ನಾವು ಅಪ್ಪಚ್ಚನ್ ಎನ್ನುವುದು, ಚಿಕ್ಕಂದಿನಲ್ಲಿ ಕೇರಳದಿಂದ ಬಂದು ನೆಲ್ಯಾಡಿಯಲ್ಲಿ ನೆಲೆಯಾದವರು. ಸಣ್ಣದೊಂದು ರಬ್ಬರ್ ತೋಟ. ಮರಗಳು ಎಲೆ ಉದುರಿಸುವ ಕಾಲವಾದ್ದರಿಂದ ಹಾಲು ತೆಗೆಯುವ ಟ್ಯಾಪಿಂಗ್ ನಿಂತಿತ್ತು. ಧಾರಣೆ ಏರಲಿ ಎಂದು ಮಾರದೆ ಇಟ್ಟ ಶೀಟಿನ ರಾಶಿ ನನ್ನ ಪಕ್ಕದ ಕೋಣೆಯಲ್ಲಿ ತಾರಸಿ ಮುಟ್ಟುವಷ್ಟಿತ್ತು. ಬಿಸಿಲೇರಿದಂತೆ ಅದರ ವಾಸನೆ ಬಾಗಿಲ ಸಂದಿಯಿಂದ ನುಗ್ಗಿ ಮಗುವಿನ ಮೈಯೆಣ್ಣೆಯ ವಾಸನೆಯ ಜೊತೆ ಬೆರೆಯುತ್ತಿತ್ತು.

ಮಗು ಆರೋಗ್ಯವಾಗಿತ್ತು. ಹೆರಿಗೆಯೂ ಕಷ್ಟವಾಗಿರಲಿಲ್ಲ. ಎದೆಯಲ್ಲಿ ಹಾಲು ಇತ್ತು. ಬೇರೆ ಏನೂ ಇರಲಿಲ್ಲ. ಅವಳು ಅತ್ತರೆ ಪಕ್ಕದ ಮನೆಯ ಮಗು ಅತ್ತ ಹಾಗೆ ಕೇಳುತ್ತಿತ್ತು. ನೋಡಲು ಬಂದವರು ಕೆನ್ನೆ ಮುಟ್ಟಿ, "ಅಪ್ಪನ ಮೂಗು, ಅಮ್ಮನ ಕಣ್ಣು" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ನಗು ಮುಗಿದ ಮೇಲೆ ಮುಖವನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಫೋನಿನಲ್ಲಿ ಸಜಿಗೆ ಒಮ್ಮೆ, "ನನಗೆ ಎಂತದೋ ಆಗ್ತಾ ಉಂಟು" ಅಂದೆ. ಅವನು, "ಅಲ್ಲಿ ನಿನಗೆ ಎಲ್ಲ ಉಂಟಲ್ಲ ಲಿಸ್ಸಿ. ನಾನಿಲ್ಲಿ ಐವತ್ತು ಡಿಗ್ರಿಯಲ್ಲಿ ತಾರಸಿ ಮೇಲೆ ನಿಂತಿದ್ದೇನೆ" ಅಂದ. ಅದೂ ಸುಳ್ಳಾಗಿರಲಿಲ್ಲ. ಪಾದ್ರಿಗಳು ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹೋದರು. ನನ್ನ ಅಮ್ಮ, ಅಮ್ಮಚ್ಚಿ, ಕಷಾಯ ಕುದಿಸಿದಳು, ಜಪಮಾಲೆ ಹಿಡಿದಳು, ಮಾತು ಕಡಿಮೆ ಮಾಡಿದಳು.

ಎಲ್ಲಕ್ಕಿಂತ ಕೆಟ್ಟದ್ದು ಮಧ್ಯಾಹ್ನ. ಊಟವಾಗಿ ಪಾತ್ರೆಗಳ ಸದ್ದು ನಿಂತು, ಅಪ್ಪಚ್ಚನ್ ಚಾವಡಿಯಲ್ಲಿ ಗೊರಕೆ ಹೊಡೆಯಲು ತೊಡಗಿದ ಮೇಲೆ, ಸಂಜೆ ಎಂಬುದು ಇನ್ನು ಬರುವುದೇ ಇಲ್ಲ ಎನಿಸುತ್ತಿತ್ತು. ಅಮ್ಮಚ್ಚಿ ನನ್ನ ಕೋಣೆಯ ಹೊಸ್ತಿಲಿಗೆ ಅಡ್ಡವಾಗಿ ಚಾಪೆ ಹಾಸಿ ಮಲಗುತ್ತಿದ್ದಳು. ಅಲ್ಲಿ ಗಾಳಿ ಬರುತ್ತದೆಂದು ಮಲಗುತ್ತಾಳೆ ಅಂದುಕೊಂಡಿದ್ದೆ.

ಅಂಥದೊಂದು ಮಧ್ಯಾಹ್ನ ಫೋನಿನಲ್ಲಿ ಬರೆದು ಹುಡುಕಿದೆ: "ಮಗುವನ್ನು ನೋಡಿದರೆ ಏನೂ ಅನಿಸುವುದಿಲ್ಲ." ಬರೆದದ್ದು ಕನ್ನಡದಲ್ಲಿ. ಮನೆಯೊಳಗೆ ನಮ್ಮದು ಮಲಯಾಳಂ, ಪೇಟೆಯಲ್ಲಿ ತುಳು. ಆದರೆ ನಾನು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ. ಅಪ್ಪಚ್ಚನ್‌ಗೂ ಅಮ್ಮಚ್ಚಿಗೂ ಕನ್ನಡ ಓದಲು ಬಾರದು. ಫೋನನ್ನು ಅವರ ಕಣ್ಣೆದುರೇ ತೆರೆದಿಟ್ಟರೂ ಗೊತ್ತಾಗದು. ನನ್ನ ಅತಿ ಗುಟ್ಟಿನ ಮಾತುಗಳಿಗೆ ಆ ಮನೆಯಲ್ಲಿ ಸಿಕ್ಕ ಅಡಗುದಾಣ ಕನ್ನಡ ಲಿಪಿ.

ಬಂದದ್ದು ತಾಯ್ತನದ ಮಹಿಮೆಯ ವೀಡಿಯೊಗಳು. ಅಂಥದೊಂದರ ಕೆಳಗೆ ಯಾರೋ, "ನನಗೆ ಸಾಯಬೇಕು ಅನಿಸುತ್ತದೆ, ಯಾರಿಗೆ ಹೇಳಲಿ" ಎಂದು ಬರೆದಿದ್ದರು. ಅದಕ್ಕೆ ಉತ್ತರವಾಗಿ ಇನ್ನೊಬ್ಬರು ಒಂದು ಗುಂಪಿನ ಕೊಂಡಿ ಹಾಕಿದ್ದರು. ಗುಂಪಿನ ಹೆಸರು "ಸುಮ್ಮನೆ".

ನಿಯಮಗಳು ಮೊದಲೇ ಕಾಣುತ್ತಿದ್ದವು. ನಿಜವಾದ ಹೆಸರು ಹೇಳಬಾರದು. ಊರು ಕೇಳಬಾರದು. ಯಾರಿಗೂ ಬುದ್ಧಿ ಹೇಳಬಾರದು. ನಾನು "ಮಧ್ಯಾಹ್ನ" ಎಂದು ಹೆಸರಿಟ್ಟುಕೊಂಡು ಬರೆದೆ: "ಮಗುವಿಗೆ ಹಾಲು ಕೊಡುವಾಗ ನಾನು ಎಲ್ಲೋ ದೂರದಿಂದ ನೋಡುತ್ತಿರುತ್ತೇನೆ. ಇನ್ನೂ ದೂರ ಹೋಗಿಬಿಡಬೇಕು ಅನಿಸುತ್ತದೆ." ಬರೆದು ಫೋನನ್ನು ದಿಂಬಿನ ಕೆಳಗೆ ತುರುಕಿದೆ. ತೆಗೆದು ನೋಡಿದಾಗ "ಗುಬ್ಬಿ" ಎಂಬ ಹೆಸರಿನಿಂದ ಒಂದೇ ಪದ ಬಂದಿತ್ತು: "ನನಗೂ."

ಹೆರಿಗೆಯಾದ ಮೇಲೆ ನಾನು ಮೊದಲ ಸಲ ಅತ್ತದ್ದು ಅದನ್ನು ಓದಿ.

ಆಮೇಲಿನ ವಾರಗಳು ನನ್ನ ಬದುಕು ನಡೆದದ್ದು ಆ ಗುಂಪಿನೊಳಗೇ. ಹೊರಗೆ ಸ್ನಾನ, ಊಟ, ಮಗುವಿನ ಬಟ್ಟೆ ಎಲ್ಲ ಯಂತ್ರದ ಹಾಗೆ ಸಾಗುತ್ತಿತ್ತು. ಅಲ್ಲಿ ಯಾರೂ ಪ್ರಾರ್ಥನೆ ಮಾಡು ಎನ್ನಲಿಲ್ಲ, ಮಗುವಿನ ಮುಖ ನೋಡಿಯಾದರೂ ಎನ್ನಲಿಲ್ಲ. ಒಬ್ಬರು ದಿನಾ ಬರೀ ಚುಕ್ಕೆಗಳನ್ನು ಹಾಕಿ ಹೋಗುತ್ತಿದ್ದರು. ನಾವೆಲ್ಲ ಅದನ್ನು ಓದುತ್ತಿದ್ದೆವು. ಗುಬ್ಬಿ ಹಾಸ್ಟೆಲಿನ ಹುಡುಗಿ ಇರಬೇಕು. "ಇವತ್ತು ಮೆಸ್ಸಿನ ಸಾಂಬಾರಿನಲ್ಲಿ ಒಂದು ಬೀನ್ಸ್ ಸಿಕ್ಕಿತು. ನಾಳೆಯವರೆಗೆ ಇದ್ದು ನೋಡುವ ಅಂದುಕೊಂಡೆ" ಎಂದು ಬರೆಯುತ್ತಿದ್ದಳು. ನಾವು ನಗುತ್ತಿದ್ದೆವು. ಸಾಯುವ ಮಾತಾಡುವವರು ಅಷ್ಟು ನಗುತ್ತಾರೆಂದು ಹೊರಗಿನವರಿಗೆ ಗೊತ್ತಿರಲಾರದು.

ಅಲ್ಲಿ ನನಗೆ ಹತ್ತಿರವಾದವರು "ಹಳೇ ರೇಡಿಯೊ". ಒಂದು ದಿನ ಅವರು ನನಗೆ ಬೇರೆಯಾಗಿ ಬರೆದರು: "ನೀವು ‘ಉಂಟು’ ಅಂತ ಬರೀತೀರಿ. ನಮ್ಮ ಕಡೆಯವರಾ?"

"ನಿಮ್ಮ ಕಡೆ ಯಾವುದು?"

"ಕೇಳಬಾರದು. ಆದರೂ ಹೇಳ್ತೇನೆ. ಸುಳ್ಯ."

"ನನ್ನದು ನೆಲ್ಯಾಡಿ ಹತ್ತಿರ" ಅಂದೆ. ಅಷ್ಟಕ್ಕೇ ಯಾರೋ ಪಕ್ಕದಲ್ಲಿ ಬಂದು ಕೂತ ಹಾಗಾಯಿತು.

ಅವರ ಮಗ ಸೌದಿಯಲ್ಲಿ ಕುಡಿಯುವ ನೀರಿನ ಕ್ಯಾನು ಹಂಚುವ ಗಾಡಿ ಓಡಿಸುತ್ತಿದ್ದ. ರಸ್ತೆಯಲ್ಲಿ ಗಾಡಿ ಮಗುಚಿ ತೀರಿಹೋದ. ದೇಹವನ್ನು ಊರಿಗೆ ತರಲಾಗಲಿಲ್ಲ. ಅಲ್ಲೇ ಮಣ್ಣು ಮಾಡಿದರು. "ಅವನು ಸತ್ತ ಅಂತ ಹೇಳಿದವರೆಲ್ಲ ಫೋನಿನಲ್ಲಿ ಹೇಳಿದ್ದು" ಎಂದು ಬರೆದಿದ್ದರು. "ಫೋನಿನಲ್ಲಿ ಸುಳ್ಳೂ ಹೇಳಲಿಕ್ಕೆ ಆಗ್ತದೆ. ನಾನು ಮುಖ ನೋಡ್ಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಅವನು ನನಗೆ ಇನ್ನೊಂದು ಸಲ ಸಾಯ್ತಾನೆ." ಮನೆಯಲ್ಲಿ ಎಲ್ಲರೂ ಸಹನೆ ತಂದುಕೊಳ್ಳಿ ಅನ್ನುತ್ತಾರಂತೆ, ಆಮೇಲೆ ಟಿವಿ ಹಚ್ಚುತ್ತಾರಂತೆ.

ಮಗನಿಗೆ ಚಿಕ್ಕಂದಿನಲ್ಲಿ ಎಣ್ಣೆ ಹಚ್ಚಿ ಮೀಯಿಸಿದ್ದು, ಬುತ್ತಿ ಕಟ್ಟಿ ಶಾಲೆಗೆ ಕಳಿಸಿದ್ದು ಎಲ್ಲ ಬರೆಯುತ್ತಿದ್ದರು. ಓದಿ ನನ್ನ ಮನಸ್ಸಿನಲ್ಲಿ ಒಬ್ಬ ತಾಯಿಯ ಚಿತ್ರ ಮೂಡಿತ್ತು. ಕನ್ನಡದಲ್ಲಿ "ನಾನು ಬಂದೆ, ನಾನು ಅತ್ತೆ" ಎಂದರೆ ಬಂದದ್ದು ಗಂಡೋ ಹೆಣ್ಣೋ, ಅತ್ತದ್ದು ಯಾರೋ ತಿಳಿಯುವುದಿಲ್ಲ. ನಾನು ಕೇಳಲಿಲ್ಲ. ಅವರೂ ನನ್ನ ಹೆಸರು ಕೇಳಲಿಲ್ಲ.

ಗುಬ್ಬಿ ಹೋದದ್ದು ಒಂದು ಮಧ್ಯಾಹ್ನ. "ಸಾಕು. ಎಲ್ಲರಿಗೂ ಥ್ಯಾಂಕ್ಸ್. ನನ್ನನ್ನು ಅರ್ಥ ಮಾಡಿಕೊಂಡವರು ನೀವು ಮಾತ್ರ" ಎಂದು ಬರೆದಳು. ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಹೂವು, ದೀಪ. ಒಬ್ಬರು "ಅರ್ಥವಾಗುತ್ತದೆ, ಹೋಗಿ ಬಾ" ಎಂದು ಬರೆದರು. "ಎಲ್ಲಿದ್ದೀ ಗುಬ್ಬಿ? ನಿನ್ನ ಹೆಸರು ಹೇಳು, ಯಾವ ಊರು ಹೇಳು" ಎಂದು ಬರೆದೆ. ಬರೆದದ್ದು ಕಣ್ಣೆದುರೇ ಮಾಯವಾಯಿತು. ಗುಂಪು ನಡೆಸುವವರು ಅಳಿಸಿ, "ನಿಯಮ ನೆನಪಿರಲಿ" ಎಂದು ಹಾಕಿದರು. ಹಳೇ ರೇಡಿಯೊ ಬರೆದ "ಮಗಾ, ನಿಲ್ಲು, ಸ್ವಲ್ಪ ನಿಲ್ಲು" ಎಂಬುದೂ ಹಾಗೆಯೇ ಮಾಯವಾಯಿತು.

ಯಾರಿಗೆ ಫೋನ್ ಮಾಡುವುದು? ಪೊಲೀಸರಿಗೆ ಏನೆಂದು ಹೇಳುವುದು? ಗುಬ್ಬಿ ಎಂಬ ಹುಡುಗಿ, ಯಾವುದೋ ಊರಿನ ಯಾವುದೋ ಹಾಸ್ಟೆಲು. ಅವಳ ತಮಾಷೆಗಳೆಲ್ಲ ನನಗೆ ಬಾಯಿಪಾಠ ಬರುತ್ತಿದ್ದವು, ಹೆಸರು ಗೊತ್ತಿರಲಿಲ್ಲ. ಸಂಜೆಯವರೆಗೆ ಅವಳ ಖಾತೆಯನ್ನೇ ನೋಡುತ್ತ ಕೂತೆ. ಮಗು ಅತ್ತು ಅತ್ತು ಅಮ್ಮಚ್ಚಿ ಬಂದು ಎತ್ತಿಕೊಂಡು ಹೋದಳು. ಗುಬ್ಬಿ ಮತ್ತೆ ಬರೆಯಲಿಲ್ಲ. ಏನಾದಳೆಂದು ಇವತ್ತಿಗೂ ನನಗೆ ತಿಳಿಯದು.

ಆಮೇಲೆ ಗುಂಪಿನಲ್ಲಿ ನಗು ನಿಂತುಹೋಯಿತು. ನಾನೂ ಹಳೇ ರೇಡಿಯೊ ಇಬ್ಬರೇ ಬೇರೆಯಾಗಿ ಮಾತಾಡುತ್ತಿದ್ದೆವು. ಅದೂ ದಿನದಿಂದ ದಿನಕ್ಕೆ ಚಿಕ್ಕದಾಗುತ್ತ ಬಂತು.

"ನನಗೆ ಸಾಕಾಯ್ತು" ಎಂದು ಅವರು ಬರೆದರು.

"ನನಗೂ" ಅಂದೆ.

ಅದೇ ಪದ. ಮೊದಲ ಸಲ ಓದಿದಾಗ ಅದು ನನ್ನನ್ನು ಹಿಡಿದು ನಿಲ್ಲಿಸಿತ್ತು. ಈಗ ಇಬ್ಬರೂ ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಇಳಿಜಾರಿನಲ್ಲಿ ಇಳಿಯುತ್ತಿದ್ದೆವು. ಹಿಡಿದೆಳೆಯಲು ಇಬ್ಬರಲ್ಲಿ ಒಬ್ಬರ ಕಾಲಾದರೂ ಗಟ್ಟಿ ನೆಲದ ಮೇಲೆ ಇರಬೇಕಿತ್ತು. ಯಾರದೂ ಇರಲಿಲ್ಲ.

"ಒಬ್ಬರೇ ಹೋಗುದಕ್ಕಿಂತ..." ಎಂದು ಅವರು ಒಂದು ದಿನ ಅರ್ಧಕ್ಕೆ ಬಿಟ್ಟರು. ಉಳಿದರ್ಧ ನನಗೆ ಅರ್ಥವಾಯಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಂತು: "ಅದಕ್ಕೂ ಮೊದಲು ಒಂದು ಸಲ ಮುಖ ನೋಡುವ. ನನ್ನ ಮನಸ್ಸು ಗೊತ್ತಿರುವ ಒಬ್ಬರ ಮುಖ." ಪುತ್ತೂರು ಬಸ್‌ಸ್ಟ್ಯಾಂಡ್ ಇಬ್ಬರಿಗೂ ನಡುವೆ ಆಗುತ್ತದೆ. ಗುರುತಿಗೆ ಅವರ ಕೈಯಲ್ಲಿ ನೀಲಿ ಕೊಡೆ. ದಿನ ಗೊತ್ತಾಯಿತು. ಆಮೇಲೆ ಏನು ಎಂಬುದನ್ನು ಇಬ್ಬರೂ ಬರೆಯಲಿಲ್ಲ.

ವಿಚಿತ್ರವೆಂದರೆ ಆ ನಾಲ್ಕೈದು ದಿನ ನಾನು ಹಗುರವಾಗಿದ್ದೆ. ತಲೆಗೆ ಎಣ್ಣೆ ಹಾಕಿಸಿಕೊಂಡೆ, ಅನ್ನ ಇನ್ನೊಂದು ಸಲ ಬಡಿಸಿಕೊಂಡೆ. ಅಪ್ಪಚ್ಚನ್ ಸಂತೋಷದಿಂದ, "ಮಗಳು ಸುಧಾರಿಸಿದಳು" ಅಂದರು. ಅಮ್ಮಚ್ಚಿ ನನ್ನನ್ನೇ ನೋಡಿದಳು.

ಮಗುವಿಗೆ ಚುಚ್ಚುಮದ್ದು ಕೊಡಿಸಬೇಕು, ಪುತ್ತೂರಿನ ಡಾಕ್ಟರಿಗೇ ತೋರಿಸುತ್ತೇನೆ ಎಂದೆ. ಸಜಿಯ ಅಕ್ಕ ಮೇರಿ ಚೇಚಿ ಪುತ್ತೂರಿನಲ್ಲಿದ್ದಳು. ಮಗುವನ್ನು ಅವಳ ಮನೆಯಲ್ಲಿ ಬಿಟ್ಟು, ಪೇಟೆಗೆ ಹೋಗಿ ಈಗ ಬಂದೆ ಎಂದು ಹೇಳಿ ಹೊರಡುವುದು ನನ್ನ ಲೆಕ್ಕ. "ನಾನೂ ಬರ್ತೇನೆ" ಎಂದು ಅಮ್ಮಚ್ಚಿ ಸೀರೆ ಬದಲಿಸಿ ನಿಂತಳು. "ಮೇರಿ ಚೇಚಿ ಬಸ್‌ಸ್ಟ್ಯಾಂಡಿಗೇ ಬರ್ತಾಳೆ, ನೀನು ಯಾಕೆ ಬಿಸಿಲಿಗೆ" ಎಂದು ಅವಳನ್ನು ನಿಲ್ಲಿಸಿದೆ. ಬಸ್ಸು ಹೊರಟು ತಿರುವು ದಾಟುವವರೆಗೆ ಅವಳು ರಸ್ತೆಯಲ್ಲೇ ನಿಂತಿದ್ದಳು.

ಆದರೆ ಮೇರಿ ಚೇಚಿಯ ಮನೆಗೆ ಬೀಗ. ಯಾರದೋ ಸಾವಿಗೆ ಹೋಗಿದ್ದಾರೆಂದು ಪಕ್ಕದ ಮನೆಯವರು ಹೇಳಿದರು. ಮಗುವನ್ನು ಎತ್ತಿಕೊಂಡು ಆ ಗೇಟಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ನನ್ನ ಯೋಜನೆಯಲ್ಲಿ ಮಗಳು ಇರಲಿಲ್ಲ. ಈಗ ತೋಳಿನ ಮೇಲೆ ಬೆವರಿ ಒದ್ದೆಯಾಗಿ ಕೂತಿದ್ದಳು. ಬೇರೆ ದಾರಿ ಕಾಣದೆ ಅವಳನ್ನು ಎತ್ತಿಕೊಂಡೇ ಬಸ್‌ಸ್ಟ್ಯಾಂಡಿಗೆ ನಡೆದೆ.

ನೀಲಿ ಕೊಡೆ ಹಿಡಿದ ಹೆಂಗಸನ್ನು ಹುಡುಕಿದೆ. ಕಾಣಲಿಲ್ಲ. ಸುಳ್ಯದ ಬಸ್ಸುಗಳು ನಿಲ್ಲುವ ಕಡೆ ಸಿಮೆಂಟಿನ ಬೆಂಚಿನ ಮೇಲೆ ಒಬ್ಬರು ಮುದುಕರು ಕೂತಿದ್ದರು. ಬಿಳಿ ಅಂಗಿ, ಬಿಳಿ ಲುಂಗಿ, ನೆರೆತ ಗಡ್ಡ, ತಲೆಯ ಮೇಲೆ ಟೊಪ್ಪಿ. ಮೊಣಕಾಲುಗಳ ನಡುವೆ ನೀಲಿ ಕೊಡೆ. ಅವರೂ ನನ್ನತ್ತ ನೋಡಿ, ಅಲ್ಲ ಎಂದುಕೊಂಡು ಮುಖ ತಿರುಗಿಸಿದರು. ನಾನು ಹತ್ತಿರ ಹೋಗಿ, "ರೇಡಿಯೊ?" ಅಂದೆ.

ಅವರು ಎದ್ದು ನಿಂತುಬಿಟ್ಟರು. "ಯಾ ಅಲ್ಲಾ, ನೀನಾ ಮಗಾ? ಮಧ್ಯಾಹ್ನ ಅಂದರೆ ನೀನಾ? ಇಷ್ಟು ಸಣ್ಣವಳಾ?"

ಫೋನಿನಲ್ಲಿ ಎಲ್ಲವನ್ನೂ ಹೇಳಿಕೊಂಡಿದ್ದ ನಾವು ಅಕ್ಕಪಕ್ಕ ಕೂತು ಬಸ್ಸುಗಳ ಹೊಗೆ ನೋಡಿದೆವು. ಅವರ ಅಂಗಿಯ ಒಂದು ಗುಂಡಿ ತಪ್ಪಾಗಿ ಹಾಕಿತ್ತು. ಫೋನಿನ ಅಕ್ಷರಗಳಲ್ಲಿ ಅವರು ಸಾಯುವುದು ನನಗೆ ಸಹಜವೆನಿಸಿತ್ತು. ಆ ತಪ್ಪಿದ ಗುಂಡಿಯನ್ನು ನೋಡಿದಾಗ ಯಾಕೋ ಅದು ಸಾಧ್ಯವೇ ಇಲ್ಲದ ಮಾತೆನಿಸಿತು. ಅವರು ನನ್ನ ಮಗುವನ್ನು ನೋಡುತ್ತಿದ್ದರು.

"ಇವಳಾ ಆ ಮಗು?"

"ಹೌದು."

"ಇವಳನ್ನು ಬಿಟ್ಟಾ?" ಎಂದು ಕೇಳಿ, ಕೇಳಿದ್ದಕ್ಕೇ ಹೆದರಿದವರಂತೆ ಬಾಯಿಗೆ ಕೈ ಅಡ್ಡ ಹಿಡಿದರು. ನಮ್ಮ ನಡುವೆ ಅಂಥ ಪ್ರಶ್ನೆಗೆ ಜಾಗವಿರಲಿಲ್ಲ.

ನನಗೆ ಕಣ್ಣು ಕತ್ತಲೆ ಬಂತು. ಬೆಳಗಿನಿಂದ ನೀರೂ ಕುಡಿದಿರಲಿಲ್ಲ. "ಸ್ವಲ್ಪ ಹಿಡ್ಕೊಳ್ಳಿ" ಎಂದು ಮಗುವನ್ನು ಅವರ ಕೈಗೆ ಕೊಟ್ಟು ತಲೆ ಬಗ್ಗಿಸಿ ಕೂತೆ. ಕೂತವಳಿಗೆ ಅಳು ಬಂತು. ಸದ್ದು ಮಾಡಿ ಅತ್ತೆ. ಮಗುವೂ ಕಿರುಚಿತು.

ಅಷ್ಟು ಸಾಕಾಯಿತು. ಖಾಕಿ ಅಂಗಿಯ ಒಬ್ಬ ಆಟೊ ಚಾಲಕ, ಅವನ ಹಿಂದೆ ಇನ್ನಿಬ್ಬರು ಯುವಕರು ಬಂದು ನಿಂತರು.

"ಎಂತ ಅಕ್ಕ, ಎಂತ ತೊಂದರೆ? ಇವರು ಯಾರು?"

"ಪರಿಚಯದವರು" ಎಂದು ಮುದುಕರೇ ಹೇಳಿದರು.

"ನಿಮ್ಮಲ್ಲಿ ಕೇಳಿದ್ದಲ್ಲ. ಪರಿಚಯ ಅಂದ್ರೆ ಹೆಸರು ಹೇಳಿ ನೋಡುವ. ಇವರ ಹೆಸರು ಎಂತ?"

ಅವರು ನನ್ನತ್ತ ನೋಡಿದರು. ಅವರಿಗೆ ನನ್ನ ಹೆಸರು ಗೊತ್ತಿರಲಿಲ್ಲ.

"ಅಕ್ಕ, ನೀವು ಹೇಳಿ. ಇವರ ಹೆಸರು?"

ನನಗೂ ಗೊತ್ತಿರಲಿಲ್ಲ. ನನ್ನ ಮೌನ ನೋಡಿ ಅವನ ಮುಖ ಬಿಗಿಯಿತು. "ಹೆಸರೇ ಗೊತ್ತಿಲ್ಲ, ಮಗು ಇವರ ಕೈಯಲ್ಲಿ ಉಂಟು" ಎಂದ. ಯಾರೋ ಹಿಂದಿನಿಂದ, "ಮಕ್ಕಳ ಕಳ್ಳ ಮಾರಾಯ" ಎಂದು ಕೂಗಿದರು. ಎಲ್ಲಿದ್ದರೋ ಅಷ್ಟು ಜನ, ಒಂದೇ ಸಲಕ್ಕೆ ಸುತ್ತುಗಟ್ಟಿದರು. ಆಟೊ ಚಾಲಕ ಮುದುಕರ ಕಾಲರಿಗೆ ಕೈ ಹಾಕಿದ. ಟೊಪ್ಪಿ ಕೆಳಗೆ ಬಿತ್ತು. ಅವರು ಏನೂ ಮಾಡಲಿಲ್ಲ. ಮಗುವಿನ ತಲೆಗೆ ಯಾರ ಕೈಯೂ ತಾಗದಂತೆ ಅದನ್ನು ಎದೆಗೆ ಒತ್ತಿ ಹಿಡಿದು ಬೆನ್ನು ಬಾಗಿಸಿದರು. ಪೆಟ್ಟು ಬೀಳಲಿ ಎಂದು ಕಾಯುವವರ ಹಾಗೆ, ಬಿದ್ದರೆ ಒಳ್ಳೆಯದಾಯಿತು ಎನ್ನುವವರ ಹಾಗೆ ಇತ್ತು ಅವರ ಮುಖ.

ಸುಳ್ಳು ಹೇಳಲು ನೋಡಿದೆ. ಮಾವ ಎನ್ನಲೇ, ಅಪ್ಪನ ಸ್ನೇಹಿತರು ಎನ್ನಲೇ? ಹೆಸರೇ ಗೊತ್ತಿಲ್ಲದ ಮೇಲೆ ಯಾವ ಸುಳ್ಳೂ ನಿಲ್ಲುವಂತಿರಲಿಲ್ಲ. ನಾನು ಎದ್ದು ನಿಂತು ಕೂಗಿದೆ:

"ಬಿಡಿ ಅವರನ್ನು! ನಾವಿಬ್ಬರೂ ಸಾಯಲಿಕ್ಕೆ ಹೊರಟವರು. ಫೋನಿನಲ್ಲಿ ಪರಿಚಯ ಆದದ್ದು. ಅವರ ಮಗ ಸತ್ತುಹೋಗಿದ್ದಾನೆ. ನನಗೆ... ನನಗೆ ಬದುಕ್ಲಿಕ್ಕೆ ಆಗ್ತಾ ಇಲ್ಲ. ಅವರು ಎಂತದೂ ಮಾಡ್ಲಿಲ್ಲ!"

ಆ ಮಾತನ್ನು ನನ್ನ ಬಾಯಿ ಮೊದಲ ಸಲ ಹೇಳಿದ್ದು ಅಲ್ಲಿ, ಅಷ್ಟು ಜನರ ನಡುವೆ. ಬರೆಯುವುದು ಬೇರೆ. ನನ್ನದೇ ಸ್ವರ ಕಿವಿಗೆ ಬಿದ್ದಾಗ, ಇದು ಯಾವುದೋ ಹೆಂಗಸಿನ ಗೋಳಾಟ, ಯಾರಾದರೂ ಅವಳಿಗೆ ಸಹಾಯ ಮಾಡಬೇಕು ಎನಿಸಿತು.

ಜನ ಹಿಂದೆ ಸರಿದರು. ಕಾಲರಿನ ಮೇಲಿದ್ದ ಕೈ ಕೆಳಗಿಳಿಯಿತು. ಮಲ್ಲಿಗೆ ಮಾರುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಬಿಟ್ಟು ಬಂದು ನನ್ನ ಭುಜ ಹಿಡಿದಳು. "ಕೂತ್ಕೊ ಮಗಾ. ನೀರು ಕುಡಿ. ನೀರು ತನ್ನಿ ಮಾರಾಯ್ರೆ, ಎಂತ ನೋಡ್ತಾ ನಿಂತದ್ದು!" ಯಾರೋ ಟೊಪ್ಪಿ ಹೆಕ್ಕಿ ಧೂಳು ಕೊಡವಿ ಮುದುಕರ ಕೈಗೆ ಕೊಟ್ಟರು. ಆಟೊ ಚಾಲಕ, "ಬನ್ನಿ, ಇಬ್ಬರೂ ಬನ್ನಿ" ಎಂದು ಆಟೊ ತಂದು ನಿಲ್ಲಿಸಿದ. ಮಲ್ಲಿಗೆಯವಳು ಮಗುವನ್ನು ಎತ್ತಿಕೊಂಡು ನನ್ನ ಪಕ್ಕ ಹತ್ತಿ ಕೂತಳು.

ಸರಕಾರಿ ಆಸ್ಪತ್ರೆಯಲ್ಲಿ ಇದ್ದದ್ದು ಒಬ್ಬಳು ಸಣ್ಣ ಪ್ರಾಯದ ಡಾಕ್ಟರು. ನನ್ನೆದುರು ಕೂತು ಮೆಲ್ಲಗೆ, ಆದರೆ ನೇರವಾಗಿ ಕೇಳಿದಳು, "ಸಾಯಬೇಕು ಅಂತ ಈಗಲೂ ಅನಿಸ್ತಾ ಉಂಟಾ?" ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನನ್ನಲ್ಲಿ ಕೇಳಿರಲಿಲ್ಲ. "ಹೌದು" ಅಂದೆ. ಅವಳು ಬೆಚ್ಚಲಿಲ್ಲ, ಬೈಯಲಿಲ್ಲ. "ಸರಿ, ಇವತ್ತು ನೀವು ಒಬ್ಬರೇ ಇರುದು ಬೇಡ" ಎಂದು ಮನೆಯ ನಂಬರ್ ಕೇಳಿದಳು. ಪರದೆಯ ಆಚೆ ಮುದುಕರನ್ನೂ ಅದನ್ನೇ ಕೇಳುತ್ತಿದ್ದದ್ದು ಕೇಳಿಸಿತು. ಅವರು ಅಳುತ್ತಿದ್ದರು. ಅವರ ಹೆಸರು ಹಸನಬ್ಬ ಎಂದು ನನಗೆ ತಿಳಿದದ್ದು ನರ್ಸ್ ಅವರನ್ನು ಕರೆದಾಗ. ಆಟೊ ಚಾಲಕ ಮಗುವಿನ ಬಟ್ಟೆಯ ಚೀಲ ಹಿಡಿದುಕೊಂಡು, ಅಪ್ಪಚ್ಚನ್ ಮತ್ತು ಅಮ್ಮಚ್ಚಿ ಬರುವವರೆಗೂ ವರಾಂಡದಲ್ಲೇ ನಿಂತಿದ್ದ. ಹೋಗುವಾಗ ಹಸನಬ್ಬನವರ ಹತ್ತಿರ ಹೋಗಿ ಅವರ ತಪ್ಪಿದ ಗುಂಡಿಯನ್ನು ಬಿಚ್ಚಿ ಸರಿಯಾಗಿ ಹಾಕಿ ಹೊರಟುಹೋದ.

ಅಪ್ಪಚ್ಚನ್ ಬಾಗಿಲಲ್ಲೇ ನಿಂತರು. ಅಮ್ಮಚ್ಚಿ ಮಂಚದ ಮೇಲೆ ಕೂತು ನನ್ನ ಕಾಲನ್ನು ಮಡಿಲಿಗೆ ಎಳೆದುಕೊಂಡಳು.

"ನಿನಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಎಂತ ಅಂತ ಗೊತ್ತಿರಲಿಲ್ಲ. ಎಂತದೋ ಉಂಟು ಅಂತ ಗೊತ್ತಿತ್ತು" ಅಂದಳು. "ಅದಕ್ಕೇ ಹೊಸ್ತಿಲಲ್ಲಿ ಮಲಗ್ತಿದ್ದೆ. ನೀನು ಎಲ್ಲಿಗೆ ಹೋಗುದಿದ್ದರೂ ನನ್ನನ್ನು ದಾಟಿಯೇ ಹೋಗಬೇಕಲ್ಲ. ಒಂದು ದಿನವೂ ನಾನು ನಿದ್ದೆ ಮಾಡ್ಲಿಲ್ಲ ಮಗಳೇ."

ಕೆಲವು ದಿನ ನನ್ನನ್ನು ಮಂಗಳೂರಿನ ಆಸ್ಪತ್ರೆಯಲ್ಲಿ ಇರಿ ಎಂದರು. ಹೆರಿಗೆಯ ನಂತರ ಅನೇಕರಿಗೆ ಬರುವ ಕಾಯಿಲೆ ಇದು, ನಿಮ್ಮ ಗುಣದ ಕೊರತೆ ಅಲ್ಲ, ಇದಕ್ಕೆ ಮದ್ದು ಉಂಟು ಎಂದು ಅಲ್ಲಿನ ಮನೋವೈದ್ಯರು ಹೇಳಿದಾಗ ನಾನು ನಂಬಲಿಲ್ಲ. ಮಾತ್ರೆಯ ಮೊದಲ ದಿನಗಳಲ್ಲಿ ಬಾಯಿ ಒಣಗುವುದು ಬಿಟ್ಟರೆ ಏನೂ ಆಗಲಿಲ್ಲ. ಸಜಿ ರಜೆ ಹಾಕಿ ಬಂದ. ವಿಮಾನ ನಿಲ್ದಾಣದಿಂದ ನೇರ ವಾರ್ಡಿಗೆ ಬಂದು, "ಅವತ್ತು ಫೋನಿನಲ್ಲಿ ನಾನು ತಾರಸಿ ಅಂದೆ, ನೀನು ಎಂತ ಹೇಳಿದ್ದಿ ಅಂತ ಕೇಳಲೇ ಇಲ್ಲ" ಎಂದು ಅತ್ತ. ಅದಕ್ಕೂ ನನ್ನೊಳಗೆ ಏನೂ ಏಳಲಿಲ್ಲ. ಬೆಳಿಗ್ಗೆ ಕಣ್ಣು ತೆರೆದೊಡನೆ ಬರುತ್ತಿದ್ದ ಮೊದಲ ಯೋಚನೆ ಆಗಲೂ ಸಾಯುವುದರದೇ. ಈಗ ವ್ಯತ್ಯಾಸವೆಂದರೆ ಅದನ್ನು ಅಮ್ಮಚ್ಚಿಗೆ ಹೇಳುತ್ತಿದ್ದೆ. "ಬಂತಾ?" ಎಂದು ಅವಳು ಕೇಳುತ್ತಿದ್ದಳು. "ಬಂತು" ಎನ್ನುತ್ತಿದ್ದೆ. ಅದು ಹೋಗುವವರೆಗೆ ಅವಳು ಪಕ್ಕದಲ್ಲಿ ಕೂತಿರುತ್ತಿದ್ದಳು.

ಗುಂಪಿಗೆ ಒಮ್ಮೆ ಬರೆದೆ, "ನಾನು ಬಾಯಿಬಿಟ್ಟು ಹೇಳಿದೆ" ಎಂದು. ಅದನ್ನು ಅಳಿಸಿ ನನ್ನನ್ನು ಹೊರಹಾಕಿದರು. ಆದರೆ ಅಷ್ಟರೊಳಗೆ ಅದನ್ನು ಓದಿದ ಇಬ್ಬರು ಬೇರೆಯಾಗಿ ಬರೆದರು. ಅದರಲ್ಲಿ ಒಬ್ಬರು ದಿನಾ ಚುಕ್ಕೆ ಹಾಕುತ್ತಿದ್ದವರು. "ಯಾವ ಮಾತಿನಿಂದ ಶುರು ಮಾಡಿದಿರಿ?" ಎಂದು ಕೇಳಿದ್ದರು. ಮೊದಲು ಅವರ ಹೆಸರು ಕೇಳಿದೆ. ಎರಡು ದಿನದ ಮೇಲೆ ಹೇಳಿದರು. ಆಮೇಲೆ ಊರು.

ಮಳೆಗಾಲ ಶುರುವಾಗುವ ಹೊತ್ತಿಗೆ ನಾನು ಪುತ್ತೂರಿಗೆ ತಪಾಸಣೆಗೆ ಬರುತ್ತಿದ್ದೆ. ವಾರಕ್ಕೊಮ್ಮೆ ಮನೋವೈದ್ಯರು ಕೂರುವ ಕೋಣೆಯ ಹೊರಗೆ ಉದ್ದದ ಬೆಂಚು. ಒಂದು ದಿನ ಅದರ ಆಚೆ ತುದಿಯಲ್ಲಿ ಹಸನಬ್ಬ ಕೂತಿದ್ದರು. ಇಳಿದುಹೋಗಿದ್ದರು. ನನ್ನನ್ನು ಕಂಡು ತಲೆಯಾಡಿಸಿದರು, ಅಷ್ಟೆ. ಪಕ್ಕದಲ್ಲಿದ್ದ ಅವರ ಮಗಳು ನನ್ನನ್ನು ಒಂದು ಥರ ನೋಡಿದಳು. ನನಗೆ ಎದ್ದು ಹೋಗಿಬಿಡೋಣ ಎನಿಸಿತು. ಆದರೆ ಅವಳೇ ಎದ್ದು ಬಂದಳು.

"ನೀವೇ ಅಲ್ವಾ? ನಾನು ಜಮೀಲಾ." ದನಿ ಗಡುಸಾಗಿತ್ತು. "ಉಪ್ಪ ನಿಮ್ಮಲ್ಲಿ ಎಲ್ಲ ಹೇಳ್ತಿದ್ದರಂತೆ. ಮನೆಯಲ್ಲಿ ಒಂದು ಮಾತಿಲ್ಲ. ಡಾಕ್ಟರಲ್ಲೂ ಸರಿ ಮಾತಾಡುದಿಲ್ಲ."

ನಾನು ಸರಿದು ಅವಳಿಗೆ ಜಾಗ ಮಾಡಿದೆ. ಅವಳು ಕೂರಲಿಲ್ಲ.

"ಸತ್ತದ್ದು ನನ್ನ ತಮ್ಮನೂ ಹೌದು. ಸಾದಿಕನ ಹೆಸರು ಎತ್ತಿದ್ರೆ ಉಪ್ಪ ಎದ್ದು ಹೋಗ್ತಾರೆ. ಹಾಗಾಗಿ ನಾನೂ ಎತ್ತುದಿಲ್ಲ, ಟಿವಿ ಹಾಕ್ತೇನೆ. ಅವನ ಬಗ್ಗೆ ಎಂತ ಹೇಳಿದ್ದಾರೆ ನಿಮ್ಮಲ್ಲಿ? ಒಂದಾದರೂ ಹೇಳಿ."

ಹಸನಬ್ಬನವರತ್ತ ನೋಡಿದೆ. ಅವರು ಮಳೆ ನೋಡುತ್ತಿದ್ದರು. ಹೇಳಬಹುದೇ ಎಂದು ತಿಳಿಯಲಿಲ್ಲ. ಆದರೂ ಹೇಳಿದೆ. ಮಗ ಅಲ್ಲಿ ರೂಮಿನಲ್ಲಿ ಅಡುಗೆ ಮಾಡುವಾಗ ಫೋನ್ ಹಚ್ಚಿ ಒಲೆಯ ಪಕ್ಕ ನಿಲ್ಲಿಸುತ್ತಿದ್ದನಂತೆ. ಇವರು ಸುಳ್ಯದಲ್ಲಿ ಕೂತು, ಈಗ ಉಪ್ಪು ಹಾಕು, ಈಗ ಬೆಂಕಿ ಸಣ್ಣ ಮಾಡು ಅನ್ನುತ್ತಿದ್ದರಂತೆ. "ಒಂದು ಸಲ ಬಂಗುಡೆ ಮೀನಿನ ಸಾರು ಮಾಡಿ, ಹುಳಿ ಜಾಸ್ತಿಯಾಗಿ, ರೂಮಿನವರೆಲ್ಲ ಬೈದರಂತೆ" ಅಂದೆ.

"ಬಂಗುಡೆ ಅಲ್ಲ."

ಇಬ್ಬರೂ ತಿರುಗಿದೆವು. ಹಸನಬ್ಬ ಇನ್ನೂ ಮಳೆಯನ್ನೇ ನೋಡುತ್ತಿದ್ದರು.

"ಬೂತಾಯಿ" ಅಂದರು. "ಅಲ್ಲಿ ಬಂಗುಡೆ ಸಿಕ್ಕಿರಲಿಲ್ಲ ಅವತ್ತು. ನಾನು ಹೇಳಿದ್ದು ಬಂಗುಡೆಯ ಲೆಕ್ಕ, ಅವನು ತಂದದ್ದು ಬೂತಾಯಿ. ಹೇಳ್ಬೇಕಲ್ಲ ಅವನು. ಹೇಳಿದ್ರೆ ನಾನು ಹುಳಿ ಕಡಿಮೆ ಹಾಕಿಸ್ತಿದ್ದೆ."

ಜಮೀಲಾ ಹೋಗಿ ಅವರ ಕಾಲ ಬಳಿ ನೆಲದ ಮೇಲೆ ಕೂತಳು. "ಆಮೇಲೆ ಎಂತ ಮಾಡಿದ ಉಪ್ಪ?" ಎಂದು ಕೇಳಿದಳು. ಅವರು ಹೇಳತೊಡಗಿದರು, ಮೊದಲು ಕನ್ನಡದಲ್ಲಿ, ಆಮೇಲೆ ಅವರಿಗೇ ತಿಳಿಯದಂತೆ ಬ್ಯಾರಿ ಭಾಷೆಯಲ್ಲಿ. ಅದು ಮಲಯಾಳಕ್ಕೆ ಹತ್ತಿರ, ಕೇಳಿದರೆ ನನಗೆ ಅರ್ಧ ತಿಳಿಯುತ್ತದೆ. ಆದರೆ ನಾನು ಕಿವಿಗೊಡಲಿಲ್ಲ. ನರ್ಸ್ ಬಾಗಿಲಿಗೆ ಬಂದು "ಲಿಸ್ಸಿ" ಎಂದು ಕರೆದಳು. ಎದ್ದು ಅವರನ್ನು ದಾಟಿ ಒಳಗೆ ಹೋದೆ. ಇಬ್ಬರೂ ತಲೆ ಎತ್ತಲಿಲ್ಲ.